ತೋಟದ ಛಾಯಾಚಿತ್ರ: ಬೆಳಕು, ಬಣ್ಣ, ಚೌಕಟ್ಟು



ಹಿಂದೆ ಕ್ಯಾಮೆರಾ ಎಂದರೆ ಮದುವೆ ಮನೆಯ ವಸ್ತುವಾಗಿತ್ತು. ಒಂದು ರೋಲಿನಲ್ಲಿ 36 ಚಿತ್ರ. ತೊಳೆಸಿ ತರುವವರೆಗೆ ಹೇಗೆ ಬಂದಿದೆಯೆಂದು ತಿಳಿಯುತ್ತಿರಲಿಲ್ಲ. ಈಗ ಮೊಬೈಲ್ ಎಲ್ಲರ ಜೇಬಿನಲ್ಲಿದೆ. ಆದರೂ ನಾವು ತೆಗೆಯುವ ತೋಟದ ಚಿತ್ರಗಳಲ್ಲಿ ಬಹುಪಾಲು ಬರಿಯ ಹಸಿರು ರಾಶಿ. ನೋಡಿದವರಿಗೆ ಗಿಡವೂ ಕಾಣದು, ಫಸಲೂ ಕಾಣದು.

ಚೆನ್ನಾದ ಚಿತ್ರ ತೆಗೆಯಲು ಪಟ್ಟಣದ ಕಲಾವಿದರೇ ಆಗಬೇಕಿಲ್ಲ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯ ಕಾಫಿ ಬೆಳೆಗಾರರು. ಸುತ್ತಮುತ್ತಲಿನ ಹಕ್ಕಿಗಳನ್ನು ತಾಳ್ಮೆಯಿಂದ ಕಾದು ಚಿತ್ರ ತೆಗೆದು ಪುಸ್ತಕ ಮಾಡಿದರು. ಆ ತಾಳ್ಮೆಯೇ ಇಲ್ಲಿ ಮೊದಲ ಬಂಡವಾಳ.

ಬೆಳಕು: ನಾಲವಾರ, ಚಿತ್ತಾಪುರದ ಕಡೆಯ ತೊಗರಿ ಹೊಲಗಳಲ್ಲಿ ಬಯಲಿಗೆಲ್ಲ ಒಂದೇ ಬೆಳಕು. ನಮ್ಮ ತೋಟ ಹಾಗಲ್ಲ; ನೆರಳು ಮರಗಳ ನಡುವೆ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ನಡುಮಧ್ಯಾಹ್ನ ತೆಗೆದ ಚಿತ್ರದಲ್ಲಿ ಒಂದು ಕಡೆ ಸುಣ್ಣ ಬಳಿದಂತೆ, ಇನ್ನೊಂದು ಕಡೆ ಮಸಿ ಬಳಿದಂತೆ ಕಾಣುತ್ತದೆ. ಬೆಳಗಿನ ಹೊತ್ತು ಅಥವಾ ಮೋಡ ಕವಿದ ದಿನವೇ ಲೇಸು. ಕಾಫಿ ಹೂ ಬೆಳ್ಳಗಿರುವುದು ಎರಡು-ಮೂರು ದಿನ ಮಾತ್ರ. ಆಗ ಪರದೆಯ ಮೇಲೆ ಹೂವನ್ನೇ ಮುಟ್ಟಿ ಬೆಳಕು ಸ್ವಲ್ಪ ತಗ್ಗಿಸಿದರೆ ಎಸಳುಗಳು ಬಿಡಿಬಿಡಿಯಾಗಿ ಮೂಡುತ್ತವೆ.

ಬಣ್ಣ: ಹಸಿರಿನ ನಡುವೆ ಎದ್ದು ಕಾಣುವುದು ಕೆಂಪು. ತೋಟವನ್ನೆಲ್ಲ ಒಂದೇ ಚಿತ್ರದಲ್ಲಿ ತುಂಬುವ ಬದಲು ಹಣ್ಣು ತುಂಬಿದ ಒಂದು ರೆಕ್ಕೆಯ ಹತ್ತಿರ ಹೋಗಿರಿ. ಕಣದಲ್ಲಿ ಹರಡಿದ ಅಡಿಕೆ, ಕೊಯ್ಲಿನವರ ಬಣ್ಣದ ಸೀರೆ ಇವೂ ಚಿತ್ರಕ್ಕೆ ಜೀವ ತುಂಬುತ್ತವೆ. ಆದರೆ ಅವರನ್ನು ಕೇಳಿಯೇ ತೆಗೆಯತಕ್ಕದ್ದು.

ಚೌಕಟ್ಟು: ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲಾಗಿ ಭಾವಿಸಿರಿ. ಮುಖ್ಯ ವಸ್ತುವನ್ನು ಆ ಗೆರೆಗಳು ಸೇರುವಲ್ಲಿ ಇಟ್ಟರೆ ನಟ್ಟನಡುವೆ ಇಟ್ಟದ್ದಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಅಡಿಕೆ ತೋಟಕ್ಕೆ ಮೊಬೈಲನ್ನು ನೆಟ್ಟಗೆ ಹಿಡಿಯಿರಿ. ಸಾಲಿನ ತುದಿಯಲ್ಲಿ ನಿಂತರೆ ಮರಗಳೇ ಕಣ್ಣನ್ನು ಒಳಗೆ ಕರೆದೊಯ್ಯುತ್ತವೆ. ಬುಡದಲ್ಲಿ ಒಬ್ಬರು ನಿಂತರೆ ಮರದ ಎತ್ತರ ತಿಳಿಯುತ್ತದೆ.

ಇಷ್ಟೆಲ್ಲ ಚಂದಕ್ಕಾಗಿ ಮಾತ್ರವಲ್ಲ. ರೋಗ ತೋಟಕ್ಕೆ ಕಾಲಿಟ್ಟಾಗ ಮೊದಲು ಸುಳಿವು ಕೊಡುವುದು ಬಣ್ಣವೇ. ಕಾಫಿ ಎಲೆ ತುಕ್ಕು ರೋಗದ ಕಿತ್ತಳೆ ಪುಡಿ ಎಲೆಯ ಅಡಿಭಾಗದಲ್ಲಿರುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಸಿಗದು. ಅಡಿಕೆಯ ಹಳದಿ ಎಲೆ ರೋಗ ಕೆಳಸುತ್ತಿನ ಸೋಗೆಗಳ ಗರಿಗಳ ತುದಿಯಿಂದ ಆರಂಭವಾಗುತ್ತದೆ. ಎಲೆಚುಕ್ಕಿ ರೋಗದಲ್ಲಿ ಕಂದು ಚುಕ್ಕಿಯ ಸುತ್ತ ಹಳದಿ ಅಂಚು ಇರುತ್ತದೆ. ಇಡೀ ಮರದ್ದೊಂದು, ಒಂದು ಎಲೆಯದೊಂದು, ಚುಕ್ಕಿಯ ಸಮೀಪದ್ದೊಂದು, ಹೀಗೆ ಮೂರು ಚಿತ್ರವಿದ್ದರೆ ತಜ್ಞರಿಗೆ ಅನುಕೂಲ. ಚಿತ್ರ ಕಂಡು ಅನುಮಾನ ಬಂದರೆ ಅವರು ಎಲೆಯನ್ನೇ ತರಲು ಹೇಳಿಯಾರು. ಅದನ್ನೂ ಕಿತ್ತು ಇಟ್ಟುಕೊಂಡಿರಿ.

ಈ ಕಾರಣಕ್ಕೇ ನಮ್ಮ ವಿನಂತಿ: ಮೊಬೈಲಿನಲ್ಲಿ ಹಸಿರನ್ನು ಹೆಚ್ಚಿಸಿ ತಿದ್ದಬೇಡಿರಿ. ತಿದ್ದಿದ ಚಿತ್ರದಲ್ಲಿ ಹಳದಿ ಎಲೆಯೂ ಆರೋಗ್ಯವಾಗಿ ಕಾಣುತ್ತದೆ. ಮದ್ದಿನ ಹೊತ್ತು ಮೀರುತ್ತದೆ.

ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು, ಅದೇ ಗಿಡದ ಚಿತ್ರ ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಿರಿ. ಹೂಮಳೆಯಿಂದ ಕೊಯ್ಲಿನವರೆಗಿನ ಲೆಕ್ಕ ಅಲ್ಲಿಯೇ ಸಿಗುತ್ತದೆ. ಒಳ್ಳೆಯ ಚಿತ್ರಗಳನ್ನು ಸಂಘದ ಕಛೇರಿಗೂ ತಂದು ತೋರಿಸಿರಿ.