ಮೀಸೆ ಹೊತ್ತ ತಾಯಿ!

ಒಂದು ಮರದ ಮೂರ್ತಿ. ಮೊದಲು ಕತ್ತಿನ ಕೆಳಗಷ್ಟೇ ನೋಡಿ. ತುಂಬಿದ ಎದೆ! ಕೊರಳ ತುಂಬ ಸರ! ಹೆಣ್ಣು, ಸಂಶಯವೇ ಇಲ್ಲ.

ಇನ್ನು ಮುಖ ಹೇಗಿರಬಹುದು? ಊಹಿಸಿ! ಸೌಮ್ಯ ನಗು? ಅಲ್ಲ. ಉಗ್ರ ಕಾಳಿ? ಅದೂ ಅಲ್ಲ!

ಮೀಸೆ! ದಪ್ಪನೆಯ ಕರಿ ಮೀಸೆ!

ಇದು ನಮ್ಮ ತುಳುನಾಡಿನ ದೈವ, ಜುಮಾದಿ. ಇನ್ನೊಂದು ಹೆಸರು ಧೂಮಾವತಿ. ಕಾಪು, ಕಾರ್ಕಳದ ಕಡೆಯವರನ್ನು ಕೇಳಿ. ಕಾಂತೇರಿ ಜುಮಾದಿ, ಮರ್ಲು ಜುಮಾದಿ ಎಂದು ಹೆಸರು ಹೇಳುತ್ತಲೇ ಕೈ ಮುಗಿಯುತ್ತಾರೆ.

ಮೀಸೆ ಬಂದದ್ದು ಹೇಗೆ? ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ! ಪಾರ್ವತಿಗೆ ಹಸಿವು. ತಡೆಯಲಾರದ ಹಸಿವು. ಏನು ತಿಂದಳು? ಶಿವನನ್ನೇ ನುಂಗಿದಳು! ಕತ್ತಿನ ಮೇಲೆ ಅವನು, ಕೆಳಗೆ ಅವಳು. ಆ ರೂಪವೇ ಧೂಮಾಸುರನನ್ನು ಕೊಂದಿತು. ಅರ್ಧನಾರೀಶ್ವರನಲ್ಲಿ ಎಡ, ಬಲ ಎಂಬ ಪಾಲು. ಇಲ್ಲಿ ಮೇಲೆ, ಕೆಳಗೆ! ಅದೂ ಹೆಣ್ಣಿನ ಹಸಿವಿನಿಂದ! ಇಷ್ಟು ಧೈರ್ಯದ ಕಲ್ಪನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ರೂಪವನ್ನು ಹಲಸಿನ ಮರದಲ್ಲಿ ಕಡೆದವರು ಯಾರು? ಉಳಿ ಹಿಡಿದ ಊರಿನ ಶಿಲ್ಪಿಗಳು. ಬಹುಪಾಲು ಕೃತಿಗಳ ಮೇಲೆ ಹೆಸರೇ ಇಲ್ಲ!

ಉಡುಪಿ ಜಿಲ್ಲೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟಿಗೆ ಒಮ್ಮೆ ಹೋಗಿ. ಮರದ ದೈವಗಳ ಸೈನ್ಯವೇ ನಿಂತಿದೆ. ಕೆಂಪು, ಹಳದಿ, ಕಪ್ಪು! ಆಳೆತ್ತರ, ಅದಕ್ಕೂ ಎತ್ತರ! ಅಲ್ಲಿದ್ದ ಹಳೆಯ ಮೂರ್ತಿಗಳಲ್ಲಿ ಹಲವು ಈಗ ಎಲ್ಲಿವೆ ಗೊತ್ತೇ? ರಸ್ತೆಯಲ್ಲಿ 2,000 ಕಿಲೋಮೀಟರಿಗೂ ದೂರ, ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ!

2022ರಲ್ಲಿ ‘ಕಾಂತಾರ’ ಸಿನಿಮಾ ಬಂತು. ಅದರಲ್ಲಿನ ದೈವಗಳಾದ ಪಂಜುರ್ಲಿ, ಗುಳಿಗ ದೇಶದ ಎಲ್ಲರ ಮೊಬೈಲಿಗೂ ಬಂದರು. ರೀಲ್ಸ್, ಸ್ಟೇಟಸ್, ಡಿಪಿ! ಆದರೆ ಜುಮಾದಿ? ಅವಳನ್ನೂ ಹುಡುಕಿ, ದಯವಿಟ್ಟು! ಗಂಡು ಯಾವುದು, ಹೆಣ್ಣು ಯಾವುದು ಎಂದು ಅಂತರ್ಜಾಲದಲ್ಲಿ ಹಗಲೂ ರಾತ್ರಿ ವಾದ ನಡೆಯುತ್ತಿದೆಯಲ್ಲ, ಆ ಗಲಾಟೆಯ ನಡುವೆ ಈ ಮುಖವೊಂದನ್ನು ಇಟ್ಟು ನೋಡಿ!

ದೈವವನ್ನು ಮೈಮೇಲೆ ಬರಿಸಿಕೊಂಡು ಕುಣಿಯುವ ಕೋಲದಲ್ಲಿ ಇನ್ನೂ ಒಂದು ಅಚ್ಚರಿ. ಜುಮಾದಿಯಾಗಿ ಕುಣಿಯುವವನು ಗಂಡಸು, ಎದೆಗೆ ಲೋಹದ ಸ್ತನಕವಚ ಕಟ್ಟಿಕೊಂಡವನು. ತೆಂಬರೆ ಎಂಬ ಪುಟ್ಟ ವಾದ್ಯ ಬಡಿಯುತ್ತ, ದೈವದ ಕಥೆಯ ಹಾಡಾದ ಪಾಡ್ದನ ಹೇಳಿ ಅವನ ಮೈಮೇಲೆ ದೈವವನ್ನು ಕರೆಯುವವರು? ಅವನ ಮನೆಯ ಹೆಂಗಸರು! ತಾಯಿಯೋ, ಹೆಂಡತಿಯೋ!

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನಕ್ಕೆ ಮುಂಚೆ ಹೋಗಿ ಕೋಲ ನೋಡಿ. ಆಮೇಲೆ ಕೋಲಗಳು ನಿಂತುಬಿಡುತ್ತವೆ!