ಓಣಿ ಸುಧಾರಿಸಬೇಕೇ? ಮೊದಲು ಕಾಗದ ಕೊಡಿ ಸಾಹೇಬರೇ!

ಊರು ಸುಧಾರಣೆ ಎಂದ ಕೂಡಲೇ ನಮ್ಮ ಕಡೆಯ ಮಂದಿಯ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಮೇನ್ ರೋಡಿನ ಅಂಗಡಿ ಗೋಡೆಗಳ ಮೇಲೆ ಕೆಂಪು ಗೀಟು, ಅದರ ಹಿಂದೆ ಗುರುಗುಡುವ ಜೆಸಿಬಿ. ರಸ್ತೆ ಅಗಲ ಆಗುತ್ತದೆ, ನಡುವೆ ಡಿವೈಡರ್ ಏಳುತ್ತದೆ, ದೀಪದ ಕಂಬ ನಿಲ್ಲುತ್ತವೆ, ಫೋಟೋ ಹೊಡೆಸಿಕೊಳ್ಳುವವರು ಹೊಡೆಸಿಕೊಳ್ಳುತ್ತಾರೆ. ಅದೇ ರಸ್ತೆಯಿಂದ ಐವತ್ತು ಹೆಜ್ಜೆ ಒಳಗಿನ ಓಣಿಗೆ ಹೋಗಿ ನೋಡಿ. ಗಟಾರದ ನೀರು ಮನೆ ಕಟ್ಟೆಗೆ ಹತ್ತಿ ನಿಂತಿರುತ್ತದೆ. ನಳದ ಪೈಪು ಆ ಗಟಾರದಲ್ಲೇ ಹಾದು ಬಂದಿರುತ್ತದೆ.

2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಆಯಿತು. 2011ರ ಜನಗಣತಿಯ ಲೆಕ್ಕದಲ್ಲಿ ಯಾದಗಿರಿ ಪಟ್ಟಣಕ್ಕೆ 74 ಸಾವಿರ, ಶಹಾಪುರಕ್ಕೆ 53 ಸಾವಿರ, ಸುರಪುರಕ್ಕೆ 51 ಸಾವಿರ ಜನ. ಆಮೇಲೆ ಕಚೇರಿಗಳು ಬಂದವು, ಪ್ಲಾಟಿನ ರೇಟು ಏರಿತು. ಕೋಟೆ ಬುಡದ ಓಣಿಗಳು, ಗುಡ್ಡದ ಇಳಿಜಾರಿನ ಗಲ್ಲಿಗಳು, ಪತ್ರಾಸಿನ ಶೆಡ್ಡುಗಳು ಇದ್ದಲ್ಲೇ ಇವೆ.

ಇವನ್ನು ಸುಧಾರಿಸಲು ಕಾನೂನು ಇಲ್ಲ ಎಂದಲ್ಲ. 1973ರಲ್ಲೇ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆ ಬಂತು, 1975ರಲ್ಲಿ ಮಂಡಳಿಯೂ ಆಯಿತು. ಈಗ ಅದರ ಹೆಸರು ಕೊಳಗೇರಿ ಅಭಿವೃದ್ಧಿ ಮಂಡಳಿ. ಕಾಯ್ದೆಯ ಪ್ರಕಾರ ಕೊಳಗೇರಿ ಎಂದರೆ ಬರೀ ಗುಡಿಸಲಲ್ಲ. ಮುರುಕು ಮನೆ, ಕಿಕ್ಕಿರಿದ ಮಂದಿ, ಗಾಳಿ ಬೆಳಕು ಇಲ್ಲದ್ದು, ಅಡ್ಡಾದಿಡ್ಡಿ ದಾರಿ, ಇವೂ ಲೆಕ್ಕಕ್ಕೆ ಬರುತ್ತವೆ. ಆ ಅಳತೆಗೋಲು ಹಿಡಿದರೆ ನಮ್ಮ ಹಳೇ ಪೇಟೆಯ ಕೆಲವು ಗಲ್ಲಿಗಳೂ ತಪ್ಪಿಸಿಕೊಳ್ಳಲಾರವು!

ಆದರೆ "ನಿಮ್ಮ ಓಣಿ ಸ್ಲಂ ಅಂತ ಘೋಷಣೆ ಆಗ್ಲಿ" ಎಂದರೆ ಮಂದಿ ಮುಖ ಸಿಂಡರಿಸುತ್ತಾರೆ. ಮಾನದ ಪ್ರಶ್ನೆ ಒಂದು ಕಡೆ, ಜೆಸಿಬಿ ಬಂದೀತೆಂಬ ಹೆದರಿಕೆ ಇನ್ನೊಂದು ಕಡೆ. ಇಲ್ಲಿ ತಿಳಿಯಬೇಕಾದ್ದು ಏನೆಂದರೆ, ಕಾಯ್ದೆಯ 3ನೇ ಕಲಂ ಬೇರೆ, 11ನೇ ಕಲಂ ಬೇರೆ. ಮೂರನೆಯದು ಕೊಳಗೇರಿ ಎಂದು ಘೋಷಿಸುವುದು. ಅದಾದರೆ ನಳ, ಗಟಾರ, ಸಂಡಾಸ, ದೀಪಕ್ಕೆ ಮಂಡಳಿಯ ದುಡ್ಡು ಬರಲು ದಾರಿ ಆಗುತ್ತದೆ. ಹನ್ನೊಂದನೆಯದು ತೆರವಿನದು. ಎರಡನ್ನೂ ಒಂದೇ ಎಂದು ತಿಳಿದು, ಬರಬೇಕಾದ ಗಟಾರವನ್ನೂ ಬೇಡ ಎಂದವರು ಇದ್ದಾರೆ.

ಮುಂಬೈ ಲೆಕ್ಕ ಇಲ್ಲಿ ನಡೆಯೋದಿಲ್ಲ

ದೊಡ್ಡ ಶಹರಗಳ ಉಪಾಯ ಬೇರೆ. ಮುಂಬೈಯಲ್ಲಿ 1995ರಿಂದ ಒಂದು ಪ್ರಾಧಿಕಾರವೇ ಇದೆ. ಬಿಲ್ಡರ್ ಬಂದು ಝೋಪಡಿಯವರಿಗೆ ಪುಕ್ಕಟೆ ಮನೆ ಕಟ್ಟಿಕೊಡಬೇಕು, ಉಳಿದ ಜಾಗದಲ್ಲಿ ಎತ್ತರದ ಕಟ್ಟಡ ಎಬ್ಬಿಸಿ ಮಾರಿಕೊಳ್ಳಬೇಕು. ಜಾಗಕ್ಕೆ ಬಂಗಾರದ ಬೆಲೆ ಇದ್ದಲ್ಲಿ ಇದು ನಡೆದೀತು. 2015ರ ಜೂನ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲೂ ಇದೇ ಮಾದರಿಯ ಒಂದು ಭಾಗವಿತ್ತು, ಮನೆಗೆ ಕೇಂದ್ರದ 1 ಲಕ್ಷ ರೂಪಾಯಿ. ಆದರೆ ಸುರಪುರದ ಗುಡ್ಡದ ಓಣಿಗೆ ಯಾವ ಬಿಲ್ಡರ್ ಬರುತ್ತಾನ್ರೀ? ಬಂದರೂ ಉಳಿದ ಫ್ಲ್ಯಾಟು ಕೊಳ್ಳುವವರು ಯಾರು?

ನಮ್ಮಂಥ ಊರುಗಳಿಗೆ ಹೊಂದುವುದು ಅದೇ ಯೋಜನೆಯ ಇನ್ನೊಂದು ಭಾಗ. ಇದ್ದ ಜಾಗದಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಕೇಂದ್ರದ ಒಂದೂವರೆ ಲಕ್ಷ, ಮೇಲೆ ರಾಜ್ಯದ ಪಾಲು. ಬಲು ಚಂದ. ಆದರೆ ಜಾಗದ ಕಾಗದ ಬೇಕಲ್ಲ?

ಅಲ್ಲೇ ಗಾಡಿ ಕೆಸರಿನಲ್ಲಿ ಹೂತುಬಿಡುತ್ತದೆ. ಇದು ನಿಜಾಮನ ಸೀಮೆ ಆಗಿದ್ದ ಊರು. ಹಳೇ ದಾಖಲೆ ಉರ್ದುವಿನಲ್ಲಿ, ಓದುವವರು ಸಿಗುವುದೇ ಅಪರೂಪ. ಮನೆ ಮುತ್ತಜ್ಜನ ಹೆಸರಲ್ಲಿ, ವಾರಸುದಾರರು ಐದು ಕಡೆ. ಸರಕಾರಿ ಖುಲ್ಲಾ ಜಾಗದಲ್ಲಿ ಕುಂತವರಿಗಂತೂ ಹಕ್ಕುಪತ್ರವೇ ಇಲ್ಲ. ತಹಸೀಲಿಗೆ ನಾಲ್ಕು ಸಲ ಅಡ್ಡಾಡಿದರೆ ನಾಲ್ಕು ದಿನದ ಕೂಲಿ ಹೋಯಿತು. 2025ರಲ್ಲಿ ಸರಕಾರ ಬಿ ಖಾತಾ ಅಭಿಯಾನ ಮಾಡಿತಲ್ಲ, ಅದು ಕಂದಾಯ ಕಟ್ಟಿಸಿಕೊಳ್ಳುವ ದಾರಿ, ಮಾಲಕಿ ಕೊಡುವುದಲ್ಲ. ನಮ್ಮ ಅಂಗಡಿಕಾರರೂ ಇದನ್ನು ಗಟ್ಟಿಯಾಗಿ ತಿಳಿದುಕೊಳ್ಳಬೇಕು.

ಕಾಗದ ಸಿಗದವರಿಗೆ ಉಳಿಯೋದು ಊರ ಹೊರಗಿನ ಮಹಡಿ ಮನೆ. ಅದರ ಕಥೆ ಕೇಳಿ. ಒಂದು ಮನೆಗೆ ಏಳು ಲಕ್ಷಕ್ಕೂ ಮೇಲೆ ಖರ್ಚು. ಕೇಂದ್ರ, ರಾಜ್ಯದ ಪಾಲು ಕಳೆದು ಬಡವ ತುಂಬಬೇಕಾದ್ದು ನಾಲ್ಕು ಲಕ್ಷದಾಚೆ! ಎಲ್ಲಿಂದ ತಂದಾನು? ರಾಜ್ಯದ ತುಂಬ ಕಾಮಗಾರಿ ಅರ್ಧಕ್ಕೆ ನಿಂತವು. ಕೊನೆಗೆ ಸರಕಾರವೇ ಆ ಭಾರ ಹೊತ್ತು, ಫಲಾನುಭವಿ 1 ಲಕ್ಷ ಕೊಟ್ಟರೆ ಸಾಕೆಂದಿತು. 2024ರ ಮಾರ್ಚ್‌ನಲ್ಲಿ ಮೊದಲ ಕಂತಿನ 36,789 ಮನೆ ಹಂಚಿದ್ದು ಹಾಗೆ. ಒಳ್ಳೆಯದೇ. ಆದರೆ ತಳ್ಳುಬಂಡಿಯವ ಮೂರನೇ ಮಹಡಿಗೆ ಬಂಡಿ ಹೇಗೆ ಒಯ್ಯಬೇಕು? ಆಡು ಸಾಕಿದವಳು ಆಡು ಎಲ್ಲಿ ಕಟ್ಟಬೇಕು? ದಿನಾ ಪೇಟೆಗೆ ಬಂದು ಹೋಗುವ ಆಟೋ ಬಾಡಿಗೆ ಯಾರು ಕೊಡಬೇಕು? ಕೆಲವರು ಕೀಲಿ ಹಾಕಿ ಹಳೇ ಓಣಿಗೇ ಬರುತ್ತಾರೆ. ಅದನ್ನು ಕಂಡು "ಇವರಿಗೆ ಕೊಟ್ಟರೂ ದಕ್ಕೋದಿಲ್ಲ" ಎನ್ನುವುದು ಅನ್ಯಾಯ.

ನಮ್ಮ ಹಳೇ ರಾಜಧಾನಿಯ ಒಂದು ಮಾತು ಹೇಳಲೇಬೇಕು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ತೊಳೆದುಕೊಂಡು ಹೋದ ಮೇಲೆ, ನಿಜಾಮ ಸರಕಾರ 1912ರಲ್ಲಿ ಶಹರ ಸುಧಾರಣಾ ಮಂಡಳಿ ಮಾಡಿತು. ಕೊಳಕು ಗಲ್ಲಿ ತೆಗೆದರು, ಜತೆಗೆ ಬಡವರಿಗೆ ಮನೆಗಳನ್ನೂ ಕಟ್ಟಿದರು. ಚಾರ್‌ಮಿನಾರ್ ಕಡೆಯ ರಸ್ತೆ ಅಗಲ ಮಾಡಿದಾಗ ಬದಿಗೆ ಕಲ್ಲಿನ ಕಮಾನಿನ ಅಂಗಡಿ ಸಾಲು ಎಬ್ಬಿಸಿದರು. ಅದೇ ಪತ್ಥರ್‌ಗಟ್ಟಿ. ಇವತ್ತಿಗೂ ಅಲ್ಲಿ ವ್ಯಾಪಾರ ನಡೆದಿದೆ. ಅಂಗಡಿ ಒಡೆಯುವವರು ಅಂಗಡಿ ಕಟ್ಟಿಸಲೂ ಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷಿ.

ಈಗ ಕಾನೂನು ಆಗಿಗಿಂತ ಗಟ್ಟಿ ಇದೆ. ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಮುಂಬೈ ಫುಟ್‌ಪಾತಿನವರ ಖಟ್ಲೆಯಲ್ಲಿ ಹೇಳಿತು. ಎಬ್ಬಿಸಲೇಬಾರದು ಎನ್ನಲಿಲ್ಲ, ನೋಟೀಸು ಬೇಕು ಎಂದಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸರ್ವೇ ಮುಗಿಯದೆ ಬಂಡಿಯವರನ್ನು ಓಡಿಸುವ ಹಾಗಿಲ್ಲ.

ದುಡ್ಡಿಲ್ಲ ಎಂಬ ಹಳೇ ಹಾಡು ಬೇಡ. ನಗರಸಭೆಗಳ ನಿಧಿಯಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ತೆಗೆದಿಡಬೇಕೆಂಬ ನಿಯಮವಿದೆ. ನಿಮ್ಮ ವಾರ್ಡಿನ ಮೆಂಬರನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಕೇಳಿ: ಆ ದುಡ್ಡು ಯಾವ ಓಣಿಯ ಗಟಾರಕ್ಕೆ ಹೋಯಿತು?

ಇನ್ನೊಂದು. ನಮ್ಮ ಓಣಿಗಳ ಅರ್ಧ ಮಂದಿ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸಿಮೆಂಟು ಹೊರುವವರು ಇವರೇ. ಆಗಲೇ ಸರ್ವೇದವರು ಬಂದರೆ ಮನೆಗೆ ಕೀಲಿ, ಪಟ್ಟಿಯಲ್ಲಿ ಹೆಸರಿಲ್ಲ. ಆಮೇಲೆ ಹಕ್ಕುಪತ್ರವೂ ಇಲ್ಲ, ಮನೆಯೂ ಇಲ್ಲ. ಮಂದಿ ಊರಿಗೆ ಬರುವ ಯುಗಾದಿ, ಮೊಹರಂ, ಜಾತ್ರೆ ವಾರದಲ್ಲಿ ಸರ್ವೇ ಇಡಲು ಯಾವ ಹೊಸ ಕಾನೂನೂ ಬೇಕಿಲ್ಲ. ಅದೂ ಆಗದಿದ್ದರೆ, ಮತ್ತೆ ಬರುವ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಹೋಗಲಿ. ಬಾಜೂ ಅಂಗಡಿಯವರು ಫೋನ್ ಹಚ್ಚಿ ತಿಳಿಸುತ್ತಾರೆ.