ಕಿಡ್ನಿಯ ಗಡ್ಡೆಯೆಲ್ಲ ಕ್ಯಾನ್ಸರಲ್ಲ

ಪಿತ್ತಕೋಶದ ಕಲ್ಲಿಗೋ ಹೊಟ್ಟೆನೋವಿಗೋ ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಯಲ್ಲಿ ಒಮ್ಮೊಮ್ಮೆ ಯಾರೂ ನಿರೀಕ್ಷಿಸದ ಸಾಲೊಂದಿರುತ್ತದೆ: ಬಲ ಮೂತ್ರಪಿಂಡದಲ್ಲಿ ಎರಡೂವರೆ ಸೆಂಟಿಮೀಟರ್ ಗಡ್ಡೆ. ನೋವಿಲ್ಲ, ಮೂತ್ರದಲ್ಲಿ ರಕ್ತ ಹೋಗಿಲ್ಲ. ಕಿಡ್ನಿಯ ಗಡ್ಡೆಗಳು ಈಗ ಹೆಚ್ಚಾಗಿ ಪತ್ತೆಯಾಗುವುದೇ ಹೀಗೆ, ಬೇರೇನನ್ನೋ ಹುಡುಕುವಾಗ. ಮನೆಯವರಿಗೆ ಅಂದಿನಿಂದ ನಿದ್ದೆಯಿಲ್ಲ.

ಭಯ ಸುಳ್ಳಲ್ಲ. ಕಿಡ್ನಿಯ ಗಟ್ಟಿ ಗಡ್ಡೆಗಳಲ್ಲಿ ಕ್ಯಾನ್ಸರಿನವೇ ಹೆಚ್ಚು. ಆದರೆ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ತಾವು ತೆಗೆದಿದ್ದ ಸುಮಾರು ಮೂರು ಸಾವಿರ ಗಡ್ಡೆಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಶೇ. 13ರಷ್ಟು ಗಡ್ಡೆಗಳು ಕ್ಯಾನ್ಸರ್ ಆಗಿರಲೇ ಇಲ್ಲ. ಒಂದು ಸೆಂಟಿಮೀಟರಿಗಿಂತ ಚಿಕ್ಕವುಗಳಲ್ಲಿ ಈ ಪಾಲು ಶೇ. 46, ಏಳು ಸೆಂಟಿಮೀಟರ್ ಮೇಲ್ಪಟ್ಟವುಗಳಲ್ಲಿ ಬರೀ ಶೇ. 6. ಗಾತ್ರವೇ ಮೊದಲ ಸುಳಿವು.

ಒಳಗೇನಿದೆ ಎಂಬುದು ಎರಡನೆಯ ಸುಳಿವು. ತೆಳು ಗೋಡೆಯೊಳಗೆ ತಿಳಿನೀರು ತುಂಬಿದ ಗುಳ್ಳೆಯಾದರೆ ಚಿಂತೆಯಿಲ್ಲ. ವಯಸ್ಸಾದವರಲ್ಲಿ ಅದು ತೀರ ಸಾಮಾನ್ಯ. ಗೋಡೆ ದಪ್ಪವಾಗಿದ್ದರೆ, ಒಳಗೆ ಗಟ್ಟಿ ಭಾಗಗಳಿದ್ದರೆ ಅನುಮಾನ ಏರುತ್ತದೆ. ಇಂಥ ಗುಳ್ಳೆಗಳನ್ನು ವಿಂಗಡಿಸಲು ನ್ಯೂಯಾರ್ಕಿನ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ರೂಪಿಸಿದ ದರ್ಜೆಗಳನ್ನೇ ರೇಡಿಯಾಲಜಿಸ್ಟರು ತಿದ್ದಿಕೊಂಡು ಇಂದಿಗೂ ಬಳಸುತ್ತಾರೆ.

ಗಟ್ಟಿ ಗಡ್ಡೆಗಳಲ್ಲಿ ತನ್ನ ಗುರುತನ್ನು ತಾನೇ ಬಿಟ್ಟುಕೊಡುವುದು ಆಂಜಿಯೊಮಯೊಲಿಪೋಮ. ರಕ್ತನಾಳ, ಸ್ನಾಯು, ಕೊಬ್ಬು ಮೂರೂ ಸೇರಿದ ಗಡ್ಡೆಯಿದು; ಹೆಂಗಸರಲ್ಲಿ ಹೆಚ್ಚು. ಸಿಟಿ ಸ್ಕ್ಯಾನಿನ ಅಳತೆಯಲ್ಲಿ ನೀರಿಗೆ ಸೊನ್ನೆ, ಕೊಬ್ಬಿಗೆ ಸೊನ್ನೆಗಿಂತ ಕೆಳಗಿನ ಅಂಕಿ. ಗಡ್ಡೆಯೊಳಗೆ ಅಂಥ ಅಂಕಿ ಸ್ಪಷ್ಟವಾಗಿ ಸಿಕ್ಕರೆ ಸಾಮಾನ್ಯವಾಗಿ ಸೂಜಿಯೂ ಬೇಡ, ಕತ್ತರಿಯೂ ಬೇಡ. ಕೊಬ್ಬು ತೀರ ಕಡಿಮೆಯಿರುವ ಕೆಲವು ಮಾತ್ರ ಕ್ಯಾನ್ಸರಿನಂತೆಯೇ ಕಂಡು ಮೋಸಗೊಳಿಸುತ್ತವೆ. ಕ್ಯಾನ್ಸರಲ್ಲ ಎಂದು ಇದನ್ನು ಮರೆತುಬಿಡುವಂತೆಯೂ ಇಲ್ಲ. ನಾಲ್ಕು ಸೆಂಟಿಮೀಟರ್ ದಾಟಿದ ಗಡ್ಡೆಯ ದುರ್ಬಲ ರಕ್ತನಾಳಗಳು ಒಡೆದು ಒಳಗೇ ರಕ್ತ ಸುರಿಯುವ ಅಪಾಯವಿದೆ, ಗರ್ಭಿಣಿಯರಲ್ಲಿ ವಿಶೇಷವಾಗಿ. ಆಗ ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆಯುಂಟು.

ನಿಜವಾದ ಕಷ್ಟ ಆಂಕೊಸೈಟೋಮದ್ದು. ಇದೂ ನಿರಪಾಯಕಾರಿ ಗಡ್ಡೆಯೇ. ಆದರೆ ರಕ್ತಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಸಿಟಿ ತೆಗೆದರೆ ಇದೂ ಹೊಳೆಯುತ್ತದೆ, ಕಿಡ್ನಿ ಕ್ಯಾನ್ಸರುಗಳಲ್ಲೇ ಅತಿ ಸಾಮಾನ್ಯವಾದ ಕ್ಲಿಯರ್ ಸೆಲ್ ಬಗೆಯೂ ಹೊಳೆಯುತ್ತದೆ. ಗಡ್ಡೆಯ ನಡುವೆ ಕಾಣುವ ನಕ್ಷತ್ರದಂಥ ಕಲೆಯನ್ನು ಒಂದು ಕಾಲದಲ್ಲಿ ಆಂಕೊಸೈಟೋಮದ ಗುರುತೆಂದು ನಂಬಿದ್ದರು. ಅದು ಕ್ಯಾನ್ಸರಿನಲ್ಲೂ ಕಾಣಿಸುತ್ತದೆ. ಹೀಗಾಗಿ ಕ್ಯಾನ್ಸರೆಂದು ಭಾವಿಸಿ ಆಪರೇಷನ್ ಮಾಡಿದ ಮೇಲಷ್ಟೇ ಸತ್ಯ ತಿಳಿದದ್ದುಂಟು.

ದಾರಿ ತೋರಿದ್ದು ಈ ಗಡ್ಡೆಯ ಜೀವಕೋಶಗಳೇ. ಅವುಗಳಲ್ಲಿ ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುತ್ತವೆ. ಹೃದಯದ ರಕ್ತಸಂಚಾರ ನೋಡಲು ಬಹುಕಾಲದಿಂದ ಬಳಸುವ ಸೆಸ್ಟಮಿಬಿ ಎಂಬ ವಿಕಿರಣಶೀಲ ಔಷಧ ಮೈಟೊಕಾಂಡ್ರಿಯಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಚುಚ್ಚಿ ಸ್ಕ್ಯಾನ್ ಮಾಡಿದರೆ ಆಂಕೊಸೈಟೋಮ ಬೆಳಗುತ್ತದೆ, ಕ್ಲಿಯರ್ ಸೆಲ್ ಕ್ಯಾನ್ಸರ್ ಮಸುಕಾಗಿ ಉಳಿಯುತ್ತದೆ. ಹಳೆಯ ಔಷಧಕ್ಕೆ ಸಿಕ್ಕ ಈ ಹೊಸ ಕೆಲಸ ನನಗೆ ಬಹಳ ಮೆಚ್ಚುಗೆಯಾದದ್ದು. ಆದರೆ ನಿಧಾನವಾಗಿ ಬೆಳೆಯುವ ಕ್ರೊಮೊಫೋಬ್ ಕ್ಯಾನ್ಸರ್ ಕೂಡ ಕೆಲವೊಮ್ಮೆ ಬೆಳಗುವುದರಿಂದ ಈ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ.

ಹಾಗಾದರೆ ಬಯಾಪ್ಸಿ? ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕಿಡ್ನಿಯ ಬಯಾಪ್ಸಿಯಲ್ಲಿ ಹಾಗಾಗುವುದು ತೀರ ಅಪರೂಪ. ಸೂಜಿಗೆ ಸಿಕ್ಕ ತುಣುಕು ಸಾಲದೆ ಉತ್ತರ ಬಾರದಿರಬಹುದು, ಆಂಕೊಸೈಟೋಮ ಮತ್ತು ಕ್ರೊಮೊಫೋಬ್ ಸೂಕ್ಷ್ಮದರ್ಶಕದಡಿಯಲ್ಲೂ ಗೊಂದಲ ಹುಟ್ಟಿಸಬಹುದು. ಆದರೂ ಚಿಕ್ಕ ಗಡ್ಡೆಗೆ ಇಡೀ ಕಿಡ್ನಿಯನ್ನೇ ತೆಗೆಸಿಕೊಳ್ಳುವ ಮುಂಚೆ ಬಯಾಪ್ಸಿ ಸಾಧ್ಯವೇ, ಗಡ್ಡೆಯಷ್ಟನ್ನೇ ತೆಗೆಯಬಹುದೇ ಎಂದು ಕೇಳಲೇಬೇಕು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಉಳಿಯುವ ಕಿಡ್ನಿಯ ಪ್ರತಿ ತುಣುಕೂ ಅಮೂಲ್ಯ.

ಕಾದು ನೋಡುವುದೂ ಒಂದು ಚಿಕಿತ್ಸೆಯೇ, ವಯಸ್ಸಾದವರಿಗೆ ಮುಖ್ಯವಾಗಿ. ಚಿಕ್ಕ ಗಡ್ಡೆಗಳು ಸರಾಸರಿ ವರ್ಷಕ್ಕೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತವೆ. ನಿಗದಿತ ಅವಧಿಗೆ ಸ್ಕ್ಯಾನ್ ಮಾಡಿಸುತ್ತ, ಬೆಳವಣಿಗೆ ಚುರುಕಾದರೆ ಮುಂದಿನ ಹೆಜ್ಜೆ ನಿರ್ಧರಿಸುತ್ತಾರೆ. ಬೆಳೆದ ಮಾತ್ರಕ್ಕೇ ಅದು ಕ್ಯಾನ್ಸರೆಂದಲ್ಲ, ಆಂಕೊಸೈಟೋಮವೂ ಬೆಳೆಯುತ್ತದೆ.